ಹೆಸರು ಕೆತ್ತಿದ ಪಾತ್ರೆ

ನಮ್ಮ ತಾಯಿಯವರು ಹೊಸ ಹಿತ್ತಾಳೆ ಪಾತ್ರೆಯನ್ನು ಕೊಂಡ ದಿನವೇ ಅದರ ಕಂಠದ ಮೇಲೆ ಮನೆಯ ಹೆಸರನ್ನು ಕೆತ್ತಿಸುತ್ತಿದ್ದರು. ಮದುವೆಮನೆಗಳಿಗೆ ಎರವಲು ಹೋದ ಕೊಳದಪ್ಪಲೆಗಳು ಆ ಹೆಸರಿನ ಬಲದಿಂದಲೇ ಮರಳಿ ಬರುತ್ತಿದ್ದವು. ಕದ್ದವನಿಗೂ ಅವನ್ನು ಊರೊಳಗೆ ಮಾರುವ ಧೈರ್ಯವಿರುತ್ತಿರಲಿಲ್ಲ. ಕರಗಿಸಿಬಿಡುವವನ ಮಾತು ಬೇರೆ!

ಕಳೆದ ವರ್ಷ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ನನ್ನ ಮೊಬೈಲು ಕಳುವಾದಾಗ ಆ ಪಾತ್ರೆಗಳು ನೆನಪಾದವು. ಮೊಬೈಲಿಗೂ ಅಂಥದೊಂದು ಕೆತ್ತನೆಯುಂಟು. ಐಎಂಇಐ ಎಂಬ 15 ಅಂಕಿಗಳ ಆ ಗುರುತು ಯಂತ್ರದ್ದೇ ಹೊರತು ಸಿಮ್ಮಿನದಲ್ಲ. ಕಳ್ಳನು ಸಿಮ್ಮನ್ನು ಕಿತ್ತೆಸೆದರೂ ಅದು ಉಳಿದೇ ಇರುತ್ತದೆ. ಪೊಲೀಸರಿಗೆ ದೂರಿತ್ತು, ಅದೇ ನಂಬರಿನ ಬದಲಿ ಸಿಮ್ಮನ್ನು ಪಡೆದು, ‘ಸಂಚಾರ ಸಾಥಿ’ ಎಂಬ ಸರ್ಕಾರಿ ಜಾಲತಾಣದಲ್ಲಿ ಆ ಅಂಕಿಗಳನ್ನು ನಮೂದಿಸಿದರೆ, ದೇಶದ ಯಾವ ಮೊಬೈಲ್ ಕಂಪನಿಯ ಜಾಲವೂ ಆ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳದು. 2023ರ ಮೇ ತಿಂಗಳಿನಲ್ಲಿ ಈ ಏರ್ಪಾಡು ದೇಶಕ್ಕೆಲ್ಲ ವಿಸ್ತರಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 2015ರ ಜುಲೈನಿಂದೀಚೆಗೆ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ದೂರದಿಂದಲೇ ನಿಷ್ಕ್ರಿಯಗೊಳಿಸುವ ಸೌಕರ್ಯ ಇರಲೇಬೇಕೆಂದು ಕಾನೂನೇ ಆಗಿದೆ. ಕದ್ದ ವಸ್ತು ಕಲ್ಲಾಗುವುದಾದರೆ ಕದಿಯುವ ಆಸೆಯಾದರೂ ಯಾರಿಗೆ ಹುಟ್ಟೀತು? ಬಿಡಿಭಾಗಗಳನ್ನು ಕಳಚಿ ಮಾರುವವರು ಇಲ್ಲದಿಲ್ಲ. ಅವರು ಪಾತ್ರೆ ಕರಗಿಸುವವರ ವಂಶದವರೇ ಇರಬೇಕು.

ಮೊಬೈಲು ಬಂದಿದ್ದ ಪೆಟ್ಟಿಗೆಯನ್ನು ನಾನು ಎಸೆದಿರಲಿಲ್ಲವಾಗಿ ಅಂಕಿಗಳು ಅದರ ಮೇಲೆಯೇ ದೊರೆತವು. ಮಗಳು ಬ್ಯಾಂಕಿಗೆ ತಿಳಿಸಿದಳು, ಬಳಿಕ ಕಂಪ್ಯೂಟರಿನ ಮುಂದೆ ಕುಳಿತು, “ಅಪ್ಪಾ, ಫೋನಿಗೆ ಬೀಗ ಹಾಕಿದ್ದಾಯಿತು. ಒಳಗಿರುವುದನ್ನೆಲ್ಲ ಅಳಿಸಿಬಿಡಲೇ?” ಎಂದು ಕೇಳಿದಳು.

ನಾನು ಕೂಡಲೇ ಉತ್ತರಿಸಲಾರದೆ ಹೋದೆ. ನನ್ನ ಹೆಂಡತಿ ತೀರಿಕೊಳ್ಳುವ ಎರಡು ತಿಂಗಳ ಮೊದಲು ಹುಣಿಸೆ ಗೊಜ್ಜಿನ ಹದವನ್ನು ಹೇಳುತ್ತಿದ್ದುದನ್ನು ಆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ನಡುವೆ ಕೆಮ್ಮು, ಒಗ್ಗರಣೆಯ ಸದ್ದು, “ಸಾಕು, ನಿಲ್ಲಿಸಿ ಅದನ್ನ” ಎಂಬ ಗದರಿಕೆ. ಬೇರೆಲ್ಲಿಯೂ ಅದರ ಪ್ರತಿಯಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ನಕಲು ಪ್ರತಿ ತೆಗೆದಿಟ್ಟುಕೊಳ್ಳಿರೆಂದು ಹೇಳುತ್ತಿದ್ದವನು ನಾನೇ.

ಅಳಿಸಿದರೆ ಕಳ್ಳನ ಕೈಗೆ ಏನೂ ಸಿಗದು, ನಿಜ. ಮೊಬೈಲು ಮರಳಿದರೆ ನನಗೂ ಸಿಗದು.

“ಬೀಗವಷ್ಟೇ ಇರಲಿ, ಅಳಿಸುವುದು ಬೇಡಮ್ಮ” ಎಂದೆ. ಅವಳು ಕಾರಣವನ್ನು ಕೇಳಲಿಲ್ಲ.

ಆಗ ಕೊಟ್ಟ ಕೋರಿಕೆಯ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆಗಾಗ ಅದನ್ನು ಜಾಲತಾಣದಲ್ಲಿ ಹಾಕಿ ನೋಡುತ್ತೇನೆ. ತಡೆಹಿಡಿಯಲಾಗಿದೆ ಎಂದಷ್ಟೇ ತೋರಿಸುತ್ತದೆ.