ಕೆಂಪು ದೀಪದ ದಿನಚರಿ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವರಿಗೆ ಬೆಟ್ಟದ ಬುಡದಲ್ಲಿ ನಿಂತು ಮೊಬೈಲ್ ಸಿಗ್ನಲ್ ಹುಡುಕುವ ಯೋಗ ಇರಲಿಲ್ಲ. ನಮ್ಮೂರು ಸ್ಕಂದಗಿರಿಯ ಮಗ್ಗುಲಲ್ಲಿದೆ. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬೆಂಗಳೂರಿನಿಂದ ಬರುವ ಹುಡುಗರಿಗೆ ಅದು ಸ್ಕಂದಗಿರಿ, ನಮಗೆ ಕಳವಾರ ಬೆಟ್ಟ. ಸುಮಾರು 1,450 ಮೀಟರ್ ಎತ್ತರದ ಆ ಕಲ್ಲು ನಮ್ಮ ಮನೆಗೂ ಹತ್ತಿರದ ಟವರಿಗೂ ನಡುವೆ ಬಂದು ಕೂತಿದೆ. ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಕೆಳಗಿಳಿದರೆ ಅದೂ ಇಲ್ಲ. ಹಾಗಾಗಿ ಕಂಬದಿಂದ ಕಂಬಕ್ಕೆ ನೇತಾಡಿಕೊಂಡು ಬರುವ ಒಂದು ಕಪ್ಪು ಫೈಬರ್ ತಂತಿಯೇ ನಮ್ಮ ಮನೆಗೂ ಲೋಕಕ್ಕೂ ಇರುವ ದಾರಿ.

ಎರಡು ವರ್ಷ ಆ ತಂತಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಧಾರಾವಾಹಿ ನಡುವೆ ನಿಂತರೆ ನನ್ನ ಹೆಂಡತಿ ಎದ್ದು ಹೋಗಿ ಒಗ್ಗರಣೆ ಹಾಕಿ ಬರುತ್ತಿದ್ದಳು, ಅಷ್ಟರಲ್ಲಿ ಸರಿಹೋಗಿರುತ್ತಿತ್ತು. ಕಳೆದ ಆಷಾಢದ ಹೊತ್ತಿಗೆ ಲೆಕ್ಕ ಬದಲಾಯಿತು. ಬಾಣಂತನಕ್ಕೆ ಬಂದಿದ್ದ ಮಗಳ ರಜೆ ಮುಗಿಯಿತು. 2017ರ ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ 26 ವಾರ. ರಜೆ ಮುಗಿದ ಮೇಲೆ ಕೆಲಸದ ಸ್ವರೂಪ ಹೊಂದುವುದಾದರೆ, ಇಬ್ಬರೂ ಒಪ್ಪಿಕೊಂಡು ಮನೆಯಿಂದಲೇ ಕೆಲಸ ಮಾಡಬಹುದು ಎಂಬ ಮಾತೂ ಆ ತಿದ್ದುಪಡಿಯಲ್ಲೇ ಬಂದಿತ್ತು. ಅವಳ ಕಂಪನಿ ಒಪ್ಪಿತು. ಅಳಿಯ ಪುಣೆಯಲ್ಲಿ, ಕೂಸಿಗೆ ಐದು ತಿಂಗಳು, ನೋಡಿಕೊಳ್ಳಲು ಅಜ್ಜಿ ಇದ್ದಾಳೆ. ಒಳಕೋಣೆಯಲ್ಲಿ ಒಂದು ಮೇಜು ಹಾಕಿಕೊಟ್ಟೆವು.

ಮೊದಲ ಹದಿನೈದು ದಿನದಲ್ಲಿ ಮೂರು ಮೀಟಿಂಗು ನಡುವೆಯೇ ಕಡಿದುಹೋದವು. ಒಂದು ಸಂಜೆ ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಹೀಗೇ ಆದರೆ ಮುಂದಿನ ತಿಂಗಳಿಂದ ಆಫೀಸಿಗೇ ಬರಬೇಕಾಗುತ್ತದೆ ಅಂತ ಮೇಲಿನವರು ಬರೆದಿದ್ದರು. ನನ್ನ ಹೆಂಡತಿ ನೆಟ್‌ವರ್ಕಿಗೆ ಶಾಪ ಹಾಕಿದಳು. ಮಗಳು ಹೇಳಿದ್ದು ಬೇರೆ.

"ಅಮ್ಮ, ನೆಟ್‌ವರ್ಕ್ ಹೋಯ್ತು ಅಂತ ಯಾರೂ ಅಂದ್ಕೊಳಲ್ಲ. ನಮ್ಮ ಟೀಮಲ್ಲಿ ಒಬ್ರಿಗೆ ಲೈನ್ ಕಟ್ಟಾದ್ರೆ ಪಾಪ ನೆಟ್‌ವರ್ಕ್ ಸರಿ ಇಲ್ಲ ಅಂತಾರೆ. ನಂದು ಕಟ್ಟಾದ್ರೆ ಮಗು ಅಳ್ತಿರಬೇಕು ಅಂತಾರೆ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ದೋಷ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅದು ಕೈಗೆ ಹತ್ತಿರದಲ್ಲಿರುವವರ ತಲೆಯ ಮೇಲೆ ಬಂದು ಕೂರುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದೇನೆ, ಸ್ಟಾಫ್ ರೂಮಿನಲ್ಲಿ ಇನ್ನೂ ಹೆಚ್ಚು ಕಂಡಿದ್ದೇನೆ.

ಊರಿನ ಸಲಹೆ ಒಂದೇ: ರೂಟರ್ ಬದಲಾಯಿಸಿ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಎಂಟು ಕೊಂಬಿನ ಒಂದು ಪೆಟ್ಟಿಗೆ ತೋರಿಸಿದರು. ಮಗುಚಿ ಬಿದ್ದ ಏಡಿಯ ಹಾಗಿತ್ತು. ಬೆಲೆ ಹನ್ನೆರಡು ಸಾವಿರ. "ಇದು ಹಾಕಿ ಸಾರ್, ಗೋಡೆ ತೂರ್ಕೊಂಡು ಹೋಗುತ್ತೆ" ಅಂದರು. ಹೋಗಬಹುದು. ಆದರೆ ಮನೆಗೆ ಬರುವ ಮೊದಲೇ ಲೈನು ಸತ್ತಿದ್ದರೆ ಏಡಿ ತಾನೇ ಏನು ಮಾಡೀತು?

ನನ್ನ ತಮ್ಮನ ಹುಳುಮನೆಯಲ್ಲಿ ಗೋಡೆಗೆ ಒಂದು ನೋಟ್ ಪುಸ್ತಕ ನೇತುಹಾಕಿದೆ. ಬೆಳಿಗ್ಗೆ ಎಷ್ಟು ಶಾಖ, ಎಷ್ಟು ತೇವ, ಎಷ್ಟು ಹೊತ್ತಿಗೆ ಸೊಪ್ಪು ಹಾಕಿದ್ದು, ಎಷ್ಟನೇ ಜ್ವರ, ಎಲ್ಲ ಅದರಲ್ಲಿ. ಹುಳು ಸೊಪ್ಪು ತಿನ್ನದೆ ಮಂಕಾದರೆ ಅವನು ಹುಳುವನ್ನು ಬೈಯುವುದಿಲ್ಲ, ಪುಸ್ತಕ ತೆರೆಯುತ್ತಾನೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿಗೆ ಬರುವ ಬೆಲೆ ಈ ಪುಸ್ತಕದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ ಅನ್ನುವುದು ಅವನ ನಂಬಿಕೆ. ನಾನೂ ಒಂದು ನೂರು ಪುಟದ ಪುಸ್ತಕ ತಂದು ಗೆರೆ ಎಳೆದೆ: ಗಂಟೆ, ಪೆಟ್ಟಿಗೆಯ ದೀಪದ ಬಣ್ಣ, ಕರೆಂಟು, ಗಾಳಿ, ಯಾವ ಕೋಣೆ.

ನಂಟು ಕಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಮನೆಯ ಹೊರಗೆ ಕಡಿಯಿತೋ ಒಳಗೋ ಎಂಬುದು. ಮಗಳು ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದಿಟ್ಟಳು. ಒಂದು ಸೆಕೆಂಡಿಗೊಮ್ಮೆ ನಮ್ಮ ಪೆಟ್ಟಿಗೆಯನ್ನೇ, ಅಂದರೆ 192.168.1.1 ಎಂಬ ವಿಳಾಸವನ್ನು, ಇದ್ದೀಯಾ ಅಂತ ಕೇಳುತ್ತಿತ್ತು. ಇನ್ನೊಂದು 8.8.8.8 ಎಂಬ ಹೊರಗಿನ ವಿಳಾಸವನ್ನು ಹಾಗೇ ಕೇಳುತ್ತಿತ್ತು. ಇದಕ್ಕೆ ಪಿಂಗ್ ಅನ್ನುತ್ತಾರೆ. ಪೆಟ್ಟಿಗೆ ಉತ್ತರ ಕೊಡುತ್ತಿದ್ದು ಹೊರಗಿನದು ಮೌನವಾದರೆ ಕಾಯಿಲೆ ಹೊರಗಿನದು. ಪೆಟ್ಟಿಗೆಯೇ ಉತ್ತರ ಕೊಡದಿದ್ದರೆ ಒಳಗಿನದು.

ಒಂದು ವಾರ ಬರೆದೆವು. ಒಂದೇ ಕೆಮ್ಮಿನ ಹಿಂದೆ ಮೂರು ಕಾಯಿಲೆ ಇದ್ದವು. ಮಧ್ಯಾಹ್ನ ಗಾಳಿ ಎದ್ದಾಗ ಕೆಂಪು ದೀಪ ಬರುತ್ತಿತ್ತು, ಎರಡು ಮೂರು ನಿಮಿಷ ಎಲ್ಲವೂ ಬಂದ್. ಬೆಳಿಗ್ಗೆ ನೀರಿನ ಮೋಟರು ಹಾಕಿದ ಹೊತ್ತಿಗೆ ಪೆಟ್ಟಿಗೆ ತಾನೇ ಆರಿ ಹೊತ್ತಿಕೊಳ್ಳುತ್ತಿತ್ತು. ಸಂಜೆ ದೀಪಗಳೆಲ್ಲ ಹಸಿರಾಗಿಯೇ ಇದ್ದು, ನಡುಮನೆಯಲ್ಲಿ ಚೆನ್ನಾಗಿದ್ದದ್ದು ಒಳಕೋಣೆಯಲ್ಲಿ ಮಾತ್ರ ಕುಂಟುತ್ತಿತ್ತು.

ಈ ಕೆಲಸಕ್ಕೆ ಒಬ್ಬ ಹಿರಿಯನಿದ್ದಾನೆ. 1930ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯವು ಕಾರ್ಲ್ ಜಾನ್ಸ್‌ಕಿ ಎಂಬ ತರುಣ ಎಂಜಿನಿಯರಿಗೆ ಒಂದು ಕೆಲಸ ವಹಿಸಿತು. ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಮೂಲಕ ಮಾತಾಡುವಾಗ ಗೊರಗೊರ ಸದ್ದು ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡಬೇಕಿತ್ತು. ಆತ ತಿರುಗುವ ಆಂಟೆನಾ ಕಟ್ಟಿ ತಿಂಗಳುಗಟ್ಟಲೆ ಹೊತ್ತುಗೊತ್ತು ಬರೆದಿಟ್ಟು ಸದ್ದನ್ನು ಮೂರಾಗಿ ವಿಂಗಡಿಸಿದ: ಹತ್ತಿರದ ಗುಡುಗು, ದೂರದ ಗುಡುಗು, ಮತ್ತೆ ಎಲ್ಲಿಂದಲೋ ಬರುವ ಒಂದೇ ಸಮನೆಯ ಸಣ್ಣ ಸುಯ್ಲು. ಆ ಮೂರನೆಯದು ದಿನಾ ಸುಮಾರು ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ನಕ್ಷತ್ರಗಳು ಹುಟ್ಟುವುದೂ ಹಾಗೆಯೇ. ಸದ್ದು ಆಕಾಶಗಂಗೆಯಿಂದ ಬರುತ್ತಿದೆ ಎಂದು 1933ರಲ್ಲಿ ಪ್ರಕಟಿಸಿದ. ಫೋನ್ ಲೈನಿನ ದೋಷ ಹುಡುಕಲು ಹೊರಟವನಿಂದ ರೇಡಿಯೋ ಖಗೋಳಶಾಸ್ತ್ರ ಹುಟ್ಟಿತು.

ಆ ವಂಶದ ಒಂದು ಕುಡಿ ನಮ್ಮ ಜಿಲ್ಲೆಯಲ್ಲೇ ಇದೆ. ಗೌರಿಬಿದನೂರಿನ ಹತ್ತಿರ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ 1976ರಿಂದ ಕೆಲಸ ಶುರು ಮಾಡಿತು. ಒಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳು ದೊಡ್ಡ ಗಾಜಿನ ಕೊಳವೆ ಇರುತ್ತದೆ ಅಂದುಕೊಂಡಿದ್ದರು. ಅಲ್ಲಿದ್ದದ್ದು ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನಿಂತ ಸಾವಿರ ಆಂಟೆನಾಗಳು, ಒಂದು ತೋಳೇ 1.4 ಕಿಲೋಮೀಟರ್ ಉದ್ದ. "ಸಾರ್, ಬಟ್ಟೆ ಒಣಗಾಕೋಕಾ?" ಅಂತ ಒಬ್ಬ ಕೇಳಿದ. ಅದು ಆಲಿಸುವುದು 34.5 ಮೆಗಾಹರ್ಟ್ಸ್‌ನಲ್ಲಿ, ಎಂಟೂಮುಕ್ಕಾಲು ಮೀಟರಿನಷ್ಟು ಉದ್ದದ ಅಲೆಗಳನ್ನು. ಅಲ್ಲಿ ಕೆಲಸ ಮಾಡುವವರ ಮೊದಲ ಪ್ರಶ್ನೆಯೂ ಇದೇ: ಬಂದ ಸದ್ದು ಆಕಾಶದ್ದೋ, ರಸ್ತೆಯ ಮೇಲೆ ಹೋದ ಮೋಟರ್ ಸೈಕಲ್ಲಿನದೋ?

ನಮ್ಮ ಮನೆಯ ಮೊದಲ ಕಾಯಿಲೆಗೆ ಕೇಬಲ್ ಹುಡುಗನನ್ನು ಕರೆದೆ. ನನ್ನ ಹಳೆಯ ವಿದ್ಯಾರ್ಥಿ. ಈ ಮೊದಲು ಮೂರು ಸಲ ಬಂದಾಗಲೂ ಲೈನು ಸರಿಯಾಗಿಯೇ ಇತ್ತು, ಯಾಕೆಂದರೆ ಆಗ ಗಾಳಿ ಇರಲಿಲ್ಲ. ಈ ಸಲ ಪುಸ್ತಕ ತೋರಿಸಿ, ಮಧ್ಯಾಹ್ನ ಎರಡಕ್ಕೆ ಬಾ ಅಂದೆ. ಅವನ ಕೈಯಲ್ಲಿ ಬೆಳಕಿನ ಬಲ ಅಳೆಯುವ ಮೀಟರು ಇತ್ತು. ಸುಮ್ಮನಿದ್ದಾಗ ಮೈನಸ್ 25 ತೋರಿಸಿತು, ಗಾಳಿ ಬೀಸಿದಾಗ ಮೈನಸ್ 29ಕ್ಕೆ ಇಳಿಯಿತು. ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಮೈನಸ್ 27ರ ಆಚೆಗೆ ಕುರುಡಾಗುತ್ತವೆ, ಕೆಂಪು ದೀಪ ಹೊತ್ತುತ್ತದೆ. ಒಳಗಿನ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ದಾರಿ ಸುಮಾರು ಒಂಬತ್ತು ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣ. ಅದನ್ನು ಗಟ್ಟಿಯಾಗಿ ಬಗ್ಗಿಸಿದರೆ ಬೆಳಕು ಬದಿಯಿಂದ ಸೋರಿಹೋಗುತ್ತದೆ. ತಂತಿಯ ಜಾಡು ಹಿಡಿದು ಹೋದೆವು. ನಾಲ್ಕನೇ ಕಂಬದ ಪಕ್ಕದ ಹೊಂಗೆ ಮರದ ಕೊಂಬೆ ಬೆಳೆದು ತಂತಿಯನ್ನು ಮೊಣಕೈಯಂತೆ ಮಡಚಿ ಹಿಡಿದಿತ್ತು. ಗಾಳಿ ಬಂದರೆ ಜಗ್ಗುತ್ತಿತ್ತು. ಕೊಂಬೆ ಸವರಿ, ಆ ತುಂಡು ತೆಗೆದು ಹೊಸದಾಗಿ ಬೆಸೆದ ಮೇಲೆ ಮೀಟರು ಮೈನಸ್ 20ರಲ್ಲಿ ನಿಂತಿತು. ಈ ಲೆಕ್ಕದಲ್ಲಿ ಐದು ಅಂಕಿ ಏರಿದರೆ ಬೆಳಕು ಮೂರು ಪಟ್ಟಿಗೂ ಹೆಚ್ಚು.

ಎರಡನೆಯದು ಕರೆಂಟಿನದು. ಪೆಟ್ಟಿಗೆಗೆ ಬೇಕಾದದ್ದು 12 ವೋಲ್ಟ್. ಹಳೆಯ ಅಡಾಪ್ಟರು ಹತ್ತೂ ಕೊಡಲಾರದೆ ಏದುಸಿರು ಬಿಡುತ್ತಿತ್ತು. ಮೋಟರು ಎಳೆದುಕೊಂಡಾಗ ಕರೆಂಟು ಕುಗ್ಗಿದರೆ ಪೆಟ್ಟಿಗೆ ಮೂರ್ಛೆ ಹೋಗಿ ಎದ್ದು ಕೂರುತ್ತಿತ್ತು. ಹೊಸ ಅಡಾಪ್ಟರು, ಜೊತೆಗೆ ಅಂಗೈಯಗಲದ ಒಂದು ಸಣ್ಣ ಯುಪಿಎಸ್, ಎರಡು ಸಾವಿರದೊಳಗೆ ಮುಗಿಯಿತು. ಕರೆಂಟು ಹೋದರೂ ಎರಡು ಮೂರು ಗಂಟೆ ತಡೆಯುತ್ತದೆ.

ಮೂರನೆಯದು ನಮ್ಮ ತಾತ ಕಟ್ಟಿದ ಗೋಡೆ. ಕಲ್ಲು ಮಣ್ಣು ಸೇರಿಸಿ ಒಂದೂವರೆ ಅಡಿ ದಪ್ಪ. ಪೆಟ್ಟಿಗೆಗೂ ಮಗಳ ಮೇಜಿಗೂ ನಡುವೆ ಅಂಥವು ಎರಡು, ಜೊತೆಗೊಂದು ಕಬ್ಬಿಣದ ಬೀರು. ಮನೆಯ ವೈಫೈಗೆ ಸಾಮಾನ್ಯವಾಗಿ ಎರಡು ದಾರಿ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅದು ಗೋಡೆಯಲ್ಲಿ ಅಷ್ಟಿಷ್ಟು ನುಸುಳುತ್ತದೆ. ಆದರೆ ಅಲ್ಲಿ ಜಾತ್ರೆ: ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅಲ್ಲೇ. ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಇದನ್ನು ಬಳಸಲು 2005ರಲ್ಲಿ ಬಿಟ್ಟುಕೊಟ್ಟರು. 5 ಗಿಗಾಹರ್ಟ್ಸ್ ದಾರಿ ಅಗಲ, ಜನ ಕಡಿಮೆ. ಅದನ್ನು 2018ರಲ್ಲಿ ಇನ್ನಷ್ಟು ಧಾರಾಳವಾಗಿ ತೆರೆದರು. ಆದರೆ ಅದಕ್ಕೆ ಕಲ್ಲು ಗೋಡೆ ಕಂಡರೆ ಆಗದು. ಕೊಂಬುಗಳು ಎಂಟಿದ್ದರೂ ಈ ಸ್ವಭಾವ ಬದಲಾಗುವುದಿಲ್ಲ. ಒಂದಕ್ಕೊಂದು ಗಾಳಿಯಲ್ಲೇ ಮಾತಾಡುವ ಮೆಶ್ ಪೆಟ್ಟಿಗೆಗಳನ್ನು ಇಟ್ಟರೂ ಅವು ಅದೇ ಗೋಡೆಯ ಆಚೀಚೆಯಿಂದ ಕೂಗಾಡಬೇಕು.

ತೀರ್ಮಾನ ಮಗಳದು. "ಗಾಳಿ ನಂಬ್ಕೊಂಡು ಕೂರೋಕಾಗಲ್ಲ ಅಪ್ಪ. ನನ್ನ ಮೇಜಿಗೆ ತಂತೀನೇ ಬರ್ಲಿ" ಅಂದಳು. ಹಳೆಯ ಪೆಟ್ಟಿಗೆ ಹೊರಗಿನ ಬೆಳಕನ್ನು ಮನೆಗೆ ದಾಟಿಸುವ ಕೆಲಸಕ್ಕೆ ನಡುಮನೆಯಲ್ಲೇ ಉಳಿಯಿತು. ಅಲ್ಲಿಂದ ಹದಿನೈದು ಮೀಟರ್ ಕ್ಯಾಟ್ 6 ಕೇಬಲನ್ನು ಬಾಗಿಲ ಚೌಕಟ್ಟಿನ ಮೇಲಿಂದ ಹಾಯಿಸಿ ಒಳಕೋಣೆಗೆ ಒಯ್ದೆವು. ಅದರ ತುದಿಗೆ ಸುಮಾರು ಮೂರು ಸಾವಿರದ ಹೊಸ ರೂಟರ್. ಆರಿಸುವಾಗ ನೋಡಿದ್ದು ನಾಲ್ಕೇ ಸಂಗತಿ: ಎಲ್ಲ ಕಿಂಡಿಗಳೂ ಗಿಗಾಬಿಟ್ ಆಗಿರಬೇಕು, ಎರಡೂ ದಾರಿಗಳ ವೈಫೈ 6 ಇರಬೇಕು, ಇನ್ನೊಂದು ರೂಟರಿನ ಕೈಕೆಳಗೆ ಆಕ್ಸೆಸ್ ಪಾಯಿಂಟ್ ಆಗಿ ಕೆಲಸ ಮಾಡಬೇಕು, ತಯಾರಕರು ಭದ್ರತೆಯ ಅಪ್‌ಡೇಟ್ ಕಳಿಸುತ್ತಿರಬೇಕು. ಲ್ಯಾಪ್‌ಟಾಪಿಗೆ ತಂತಿ, ಫೋನುಗಳಿಗೆ ವೈಫೈ. ಎರಡು ಪೆಟ್ಟಿಗೆಗಳು 2.4ರಲ್ಲಿ ಒಂದನ್ನೊಂದು ತುಳಿಯದಂತೆ ಒಂದನ್ನು ಚಾನೆಲ್ 1ಕ್ಕೆ, ಇನ್ನೊಂದನ್ನು 11ಕ್ಕೆ ಇಟ್ಟೆವು.

ಅದಾದ ಮೇಲೆ ಮಗಳು ಆಫೀಸಿಗೆ ಒಂದು ಪತ್ರ ಬರೆದಳು. ಕ್ಷಮೆ ಕೇಳಲಿಲ್ಲ. ಮೂರು ಮೀಟಿಂಗುಗಳ ದಿನ, ಗಂಟೆ, ಆ ಹೊತ್ತಿನ ದೋಷ, ಅದನ್ನು ಸರಿಪಡಿಸಿದ ದಿನ, ಇಷ್ಟೇ ನಾಲ್ಕು ಸಾಲಿನ ಪಟ್ಟಿ. ಎರಡು ಸಲ ಕೊಂಬೆ, ಒಂದು ಸಲ ಅಡಾಪ್ಟರು. ಆ ಪಟ್ಟಿಯಲ್ಲಿ ಕೂಸಿನ ಹೆಸರೆಲ್ಲೂ ಇರಲಿಲ್ಲ. ಮರುದಿನ ಒಂದು ಸಾಲಿನ ಉತ್ತರ ಬಂತು: ಮಗುವಿಗೆ ವರ್ಷ ತುಂಬುವ ತನಕ ಹೀಗೇ ಮುಂದುವರಿಯಲಿ. ವರ್ಷ ತುಂಬಿದ ಮೇಲೆ ಅವಳು ಹೋಗಲೇಬೇಕು, ಅದು ನಮಗೆ ಗೊತ್ತು. ಅವಳು ಹೊರಡುವ ದಿನವನ್ನು ಹೊಂಗೆ ಕೊಂಬೆ ನಿರ್ಧರಿಸುವುದು ತಪ್ಪಿತು, ಅಷ್ಟು ಸಾಕು.

ಈಗ ಅಕ್ಕಪಕ್ಕದವರು ಯಾವ ರೂಟರ್ ತರಬೇಕು ಮೇಷ್ಟ್ರೇ ಅಂತ ಕೇಳಿಕೊಂಡು ಬರುತ್ತಾರೆ. ದೀಪ ಯಾವ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಹೊತ್ತಿಗೆ ಅಂತ ನಾನು ಕೇಳಿದರೆ ಕೆಲವರಿಗೆ ಬೇಜಾರು. ಒಂದಿಬ್ಬರು ಮಾತ್ರ ಅಂಗಡಿಗೆ ಹೋಗಿ ಮೊದಲು ನೋಟ್ ಪುಸ್ತಕ ತಂದಿದ್ದಾರೆ.

ನಮ್ಮದರಲ್ಲಿ ಎರಡು ತಿಂಗಳಿಂದ ಬರೆಯುವಂಥದ್ದು ಏನೂ ಇರಲಿಲ್ಲ. ಮೊನ್ನೆ ತೆರೆದು ನೋಡಿದರೆ ಮಗಳ ಅಕ್ಷರದಲ್ಲಿ ಒಂದು ಸಾಲಿತ್ತು: "ಮಧ್ಯಾಹ್ನ 3.10. ದೀಪ ಹಸಿರು, ಕರೆಂಟು ಇದೆ, ಗಾಳಿ ಇಲ್ಲ. ಕೂಸು ತೆವಳಿಕೊಂಡು ಬಂದು ಕೇಬಲ್ ಕಿತ್ತಿತು. ದೋಷ ಮನೆಯ ಒಳಗಿನದು."