ಮೇಜು ಕಾದಿರಿಸಿದ್ದು

ನಮ್ಮ ಭಾಷೆಯ 'ಕಾಯು' ಎಂಬ ಧಾತುವಿಗೆ ಇರುವಷ್ಟು ತಾಳ್ಮೆ ಮತ್ತಾವ ಧಾತುವಿಗೂ ಇರಲಾರದು. ದನ ಕಾಯುವುದೂ ಅದೇ, ಬಸ್ಸಿಗೆ ಕಾಯುವುದೂ ಅದೇ, ದೋಸೆಯ ಕಾವಲಿ ಕಾಯುವುದೂ ಅದೇ. ಈ ಮೂರನ್ನೂ ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆದು ಹುಡುಗರಿಗೆ ಅರ್ಥ ಹೇಳುತ್ತ ಬಂದಿದ್ದೇನೆ. 'ಕಾದಿರಿಸು' ಎಂಬ ನಾಲ್ಕನೆಯ ರೂಪದಲ್ಲಿ ಈ ಮೂರರ ಅನುಭವವೂ ಒಟ್ಟಿಗೇ ಅಡಗಿದೆಯೆಂಬುದು ಮಾತ್ರ ನನಗೆ ಹೊಳೆದದ್ದು ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ರಾತ್ರಿ, ವಿಜಯನಗರದ ಒಂದು ಹೋಟೆಲಿನ ಬಾಗಿಲಲ್ಲಿ.

ನನ್ನ ತಮ್ಮ ಅಮೆರಿಕದ ಫ್ಲಾರಿಡಾದಲ್ಲಿ ಇಂಜಿನಿಯರು. ಮಕ್ಕಳ ಬೇಸಗೆ ರಜೆಗೆಂದು ಹೆಂಡತಿ ಮಕ್ಕಳೊಡನೆ ದೀಪಾಂಜಲಿ ನಗರದ ನಮ್ಮ ಮನೆಗೆ ಬಂದಿದ್ದ. ಅವರು ನಾಲ್ವರು, ನಾವು ನಾಲ್ವರು, ನಮ್ಮೆಲ್ಲರ ಮೇಲೆ ಅಮ್ಮ. ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಪ್ರಾಣಿಗಳು. ಆ ಭಾನುವಾರ ಅಮ್ಮನಿಗೆ 65 ತುಂಬುವುದಿತ್ತು. ಹಗಲೆಲ್ಲ ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಆಟ, ರಾತ್ರಿ ಹೋಟೆಲಿನಲ್ಲಿ ಅಮ್ಮನ ಗೌರವಾರ್ಥ ಊಟ ಎಂದು ನಿಶ್ಚಯವಾಯಿತು. ಒಂಬತ್ತು ಮಂದಿಗೆ 7.30ಕ್ಕೆ ಮೇಜು ಕಾದಿರಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಒಂದೇ ಮಾತಿಗೆ ಕೆಲಸ ಮುಗಿಯಿತು. ಇಷ್ಟೇಯೇ ಎಂದುಕೊಂಡೆ.

"ಇಷ್ಟು ಸುಲಭವೇ ಅಣ್ಣ!" ಎಂದು ತಮ್ಮನೂ ಬೆರಗಾದ. ಅವನಿರುವ ಪ್ರಾಂತ್ಯದಲ್ಲಿಯೇ ಡಿಸ್ನಿಯವರು 1971ರಲ್ಲಿ ತೆರೆದ ವಿನೋದ ನಗರವಿದೆಯಷ್ಟೆ. ಅಲ್ಲಿನ ಹೆಸರಾದ ಭೋಜನಶಾಲೆಗಳಲ್ಲಿ ಊಟ ಬೇಕಾದರೆ 60 ದಿನ ಮೊದಲೇ ಮೇಜು ಹಿಡಿಯುವುದಕ್ಕೆ ಅವಕಾಶ. ಒಂದು ಕಾಲದಲ್ಲಿ ಇದು 180 ದಿನವಿತ್ತಂತೆ. ಅರುವತ್ತನೆಯ ದಿನ ಬೆಳಗಿನ ಜಾವವೇ ಎದ್ದು, ಸ್ನಾನಸಂಧ್ಯಾದಿಗಳನ್ನು ಬದಿಗಿಟ್ಟು, ಫೋನು ಹಿಡಿದು ಕುಳಿತುಕೊಳ್ಳುವವರಿದ್ದಾರೆ. ಎರಡು ತಿಂಗಳ ಮೇಲೆ ಇಂಥ ದಿನ, ಇಂಥ ಗಳಿಗೆಗೆ ನನಗೆ ಹಸಿವಾಗತಕ್ಕದ್ದೆಂದು ಪಂಚಾಂಗ ಬರೆಯುವವರೂ ಹೇಳಲಾರರು. ಆ ದೇಶದ ಗೃಹಸ್ಥರು ಹೇಳುತ್ತಾರೆ.

"ಮೊದಲೇ ಹಿಡಿಯದವನ ಗತಿಯೇನು?" ಎಂದು ಕೇಳಿದೆ.

"ಅದಕ್ಕೂ ಉಪಾಯ ಇದೆ. ಎಲ್ಲ ಭರ್ತಿ ಅಂತ ತೋರಿಸಿದರೆ ನಂಬಬಾರದು. ಜನ ನಾಲ್ಕು ಕಡೆ ಹಿಡಿದಿರ್ತಾರೆ, ಹಿಂದಿನ ದಿನ ಮೂರು ಬಿಟ್ಟುಕೊಡ್ತಾರೆ. ಎರಡು ಗಂಟೆ ಮುಂಚೆ ತಿಳಿಸಿದರೆ ದಂಡ ಇಲ್ಲ. ತಿಳಿಸದೆ ತಪ್ಪಿಸಿಕೊಂಡರೆ ಬಹಳ ಕಡೆ ತಲೆಗೆ 10 ಡಾಲರು ಕಟ್ಟಬೇಕು. ಅದಕ್ಕೇ ಕೊನೆ ಗಳಿಗೆಯಲ್ಲಿ ಒಂದೊಂದಾಗಿ ಜಾಗ ಖಾಲಿಯಾಗ್ತಾ ಹೋಗುತ್ತೆ. ಹುಡುಕ್ತಾ ಇರಬೇಕು, ಅಷ್ಟೆ. ಆಮೇಲೆ ಇನ್ನೊಂದು: ಆರು ಜನಕ್ಕೆ ಅಂತ ಕೇಳಬಾರದು. ನಾಲ್ಕು, ಎರಡು ಅಂತ ಒಡೆದು ಕೇಳಬೇಕು."

ಸಂಸಾರವನ್ನು ಒಡೆದು ಉಣ್ಣುವ ಈ ವಿದ್ಯೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ನಮ್ಮಲ್ಲಿ ಕಾದಿರಿಸುವ ಪದ್ಧತಿಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಿ ಭಾನುವಾರದ ಬೆಳಿಗ್ಗೆ ಹೆಸರು ಬರೆಸಿ, ಕಾಲುದಾರಿಯಲ್ಲಿ ನಿಂತು, ಒಳಗಿನಿಂದ ತನ್ನ ಹೆಸರು ಕೂಗುವುದನ್ನೇ ಧ್ಯಾನಿಸದ ಬೆಂಗಳೂರಿಗನುಂಟೆ? ಆದರೆ ನಮ್ಮ ಜನದ ನಿಜವಾದ ಪದ್ಧತಿ ಮದುವೆಯ ಛತ್ರದ್ದು. ಮೊದಲ ಪಂಕ್ತಿ ಮಜ್ಜಿಗೆಗೆ ಬರುವುದರೊಳಗಾಗಿ ಎರಡನೆಯ ಪಂಕ್ತಿಯವರು ಕುರ್ಚಿಗಳ ಹಿಂದೆ ಬಂದು ನಿಲ್ಲುತ್ತಾರೆ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ, ಉಣ್ಣುವವನ ಎಲೆಯ ಮೇಲೆ ಎರಡು ಕಣ್ಣು. ನಾನು ಏಳೆಂಟು ವರ್ಷದವನಿದ್ದಾಗ ಸೋದರಮಾವನ ಮದುವೆಯಲ್ಲಿ ಹೀಗೆಯೇ ಒಬ್ಬರ ಹಿಂದೆ ನಿಂತು ಅವರ ಹೋಳಿಗೆ ಮುಗಿಯುವುದನ್ನು ಕಾಯುತ್ತಿದ್ದೆ. ಅಮ್ಮ ಎಲ್ಲಿದ್ದಳೋ, ಬಂದು ಕಿವಿ ಹಿಡಿದು ಎಳೆದುಕೊಂಡು ಹೋದಳು. "ಉಣ್ಣೋರ ಬೆನ್ನ ಹಿಂದೆ ನಿಲ್ಲಬಾರದು ಕಣೋ. ಅವರ ಗಂಟಲಲ್ಲಿ ತುತ್ತು ಇಳಿಯೋದಿಲ್ಲ." ಆ ದಿನ ನಾವು ಕಡೆಯ ಪಂಕ್ತಿಯಲ್ಲಿ ಉಂಡೆವು, ಹೋಳಿಗೆ ಮುಗಿದುಹೋಗಿತ್ತು. ಆ ಮಾತನ್ನು ನಾನು ಈವರೆಗೆ ಮೀರಿದವನಲ್ಲ.

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದದ್ದಾಯಿತು. 2005ರಲ್ಲಿ ತೆರೆದ ಆ ಉದ್ಯಾನದಲ್ಲಿ ಮಕ್ಕಳು ನೀರಿಗೆ ಬಿದ್ದರು, ಆಕಾಶಕ್ಕೆ ಎದ್ದರು, ಕಿರಿಚಿ ಗಂಟಲು ಕಟ್ಟಿಸಿಕೊಂಡರು. ಡಿಸ್ನಿಯನ್ನು ಕಂಡ ಮಕ್ಕಳೇ "ದೊಡ್ಡಪ್ಪಾ, ಇನ್ನೊಂದು ಸಲ" ಎಂದು ನನ್ನ ಅಂಗಿ ಹಿಡಿದು ಜಗ್ಗುತ್ತಿದ್ದರು. ಅಮ್ಮ ನೆರಳಲ್ಲಿ ಕುಳಿತು ಎಲ್ಲರ ಚಪ್ಪಲಿ, ಕನ್ನಡಕ, ಕೈಚೀಲಗಳನ್ನು ಕಾದಳು. ಆರು ಗಂಟೆಗೆ ಅಲ್ಲಿಂದ ಹೊರಟೆವು.

ಮೈಸೂರಿನಿಂದ ಹಿಂದಿರುಗುವ ಭಾನುವಾರದ ಜನಜಾತ್ರೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಂಗೇರಿಯ ಹತ್ತಿರ ವ್ಯಾನು ನಿಂತಿತು, ನಿಂತೇ ಇತ್ತು. 7.10ರ ಹೊತ್ತಿಗೆ ಹಿಂದಿನ ಸಾಲಿನಿಂದ ಅಮ್ಮ ಕೇಳಿದಳು: "ಇನ್ನೆಷ್ಟು ಹೊತ್ತು ಆಗುತ್ತೋ?"

"ಹತ್ತೇ ನಿಮಿಷ ಅಮ್ಮ" ಎಂದೆ.

ಬೆಂಗಳೂರಿನಲ್ಲಿ ಎಲ್ಲರೂ ಹೇಳುವ ಸುಳ್ಳು ಇದು. ಹೇಳುವವನೂ ನಂಬುವುದಿಲ್ಲ, ಕೇಳುವವನೂ ನಂಬುವುದಿಲ್ಲ. ಆದರೆ ಅಮ್ಮ ನಂಬಿದಳು. ಸಕ್ಕರೆ ಕಾಯಿಲೆಯವಳಾದ ಆಕೆ ಊಟಕ್ಕೆ ಕಾಲು ಗಂಟೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಮಗ ಹತ್ತು ನಿಮಿಷವೆಂದ, ಹೋಟೆಲಿನವರು ಏಳೂವರೆ ಎಂದಿದ್ದಾರೆ. ಸೆರಗಿನ ಮರೆಯಲ್ಲಿ ಚುಚ್ಚಿಕೊಂಡು ಸುಮ್ಮನೆ ಕುಳಿತಿದ್ದಳು. ಆ ಮದ್ದು ತೆಗೆದುಕೊಂಡ ಮೇಲೆ ಹೊಟ್ಟೆಗೆ ಅನ್ನ ಬೀಳದಿದ್ದರೆ ರಕ್ತದ ಸಕ್ಕರೆ ಇಳಿಯುತ್ತ ಹೋಗುತ್ತದೆ. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎಚ್ಚರ ತಪ್ಪುವುದೂ ಉಂಟು. ಹತ್ತು ನಿಮಿಷದ ಮೇಲೆ ನನ್ನ ಹೆಂಡತಿ ಖಾಲಿ ಸೂಜಿಯನ್ನು ಕಂಡು ನನ್ನ ಮುಖ ನೋಡಿದಳು. ವ್ಯಾನು ಅಷ್ಟು ಹೊತ್ತಿಗೆ ಎರಡು ಮಾರು ಸರಿದಿತ್ತು.

2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದಿದ್ದು ನಮ್ಮ ಪುಣ್ಯ. ಉಳಿದವರನ್ನು ವ್ಯಾನಿನಲ್ಲೇ ಬಿಟ್ಟು, ನಾನೂ ತಮ್ಮನೂ ಅಮ್ಮನನ್ನು ಇಳಿಸಿಕೊಂಡು ರೈಲು ಹತ್ತಿದೆವು. ಕೈಚೀಲದ ತಳದಲ್ಲಿ ಎರಡು ಪೆಪ್ಪರಮಿಂಟು ಸಿಕ್ಕವು. ಅವನ್ನು ಆಕೆಯ ಬಾಯಿಗೆ ಹಾಕಿದೆ. ರೈಲು ನಮ್ಮ ದೀಪಾಂಜಲಿ ನಗರವನ್ನೇ ಹಾದುಹೋಯಿತು. ಇಲ್ಲೇ ಇಳಿದು ಮನೆಗೆ ಹೋಗೋಣವೇ ಎಂದುಕೊಂಡರೆ, ಅಲ್ಲಿ ಒಲೆ ಹಚ್ಚಿ ಅನ್ನವಾಗಬೇಕು. ಬೆಳಗಿನಿಂದ ಮನೆಗೆ ಬೀಗ. ಮೇಜಾದರೋ ನಮಗಾಗಿಯೇ ಕಾದಿದೆ! ವಿಜಯನಗರದಲ್ಲಿ ಇಳಿದು ಹೋಟೆಲಿನ ಬಾಗಿಲು ಮುಟ್ಟಿದಾಗ 7.55.

"ಹದಿನೈದು ನಿಮಿಷ ಇಟ್ಟಿದ್ವಿ ಸಾರ್, ಬೇರೆಯವರಿಗೆ ಕೊಟ್ಟಾಯ್ತು. ಇನ್ನು ಮುಕ್ಕಾಲು ಗಂಟೆ ಆಗುತ್ತೆ. ಒಂಬತ್ತು ಜನಾನೂ ಬಂದಮೇಲೇ ಕೂರಿಸೋದು" ಎಂದ ಬಾಗಿಲಲ್ಲಿದ್ದ ಹುಡುಗ. ಅವನಲ್ಲಿ ತಪ್ಪು ಹುಡುಕಲಾರೆ, ನಿಯಮವೆಂದರೆ ನಿಯಮ. ನಾನು ಬೇರೆ ಎರಡು ಕಡೆಗೆ ಫೋನು ಮಾಡಿದೆ. ಒಂಬತ್ತು ಎಂದೊಡನೆ ಅತ್ತಲಿನ ಧ್ವನಿ ತಣ್ಣಗಾಗುತ್ತಿತ್ತು. ತಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡ. "ಒಂಬತ್ತು ಯಾಕೆ ಕೇಳ್ತೀಯ ಅಣ್ಣ? ಒಂದು ಕೇಳು. ಅಮ್ಮನಿಗೆ ಒಂದು ಜಾಗ."

ಎದುರು ಸಾಲಿನಲ್ಲಿ ಹಳೆಯ ಕಾಲದ ಫಲಾಹಾರ ಮಂದಿರವೊಂದಿತ್ತು. ಕಾದಿರಿಸುವ ಗೊಡವೆಯಿಲ್ಲ, ಪರಿಚಯವಿಲ್ಲದವರು ಒಂದೇ ಮೇಜಿಗೆ ಕೂರುವ ಜಾಗ. ಒಳಗೆ ಹೋದರೆ ಒಂದು ಕುರ್ಚಿಯೂ ಖಾಲಿಯಿಲ್ಲ. ಪ್ರತಿಯೊಂದರ ಹಿಂದೆಯೂ ಒಬ್ಬೊಬ್ಬರು ನಿಂತಿದ್ದಾರೆ. ಅಮ್ಮ ಅದನ್ನು ಕಂಡದ್ದೇ ತಡ, ಕೈತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ ಒರಗಿ ಮುಖ ಆಚೆಗೆ ತಿರುಗಿಸಿ ನಿಂತುಬಿಟ್ಟಳು. ಹಣೆಯ ಮೇಲೆ ಬೆವರು ಕಾಣುತ್ತಿತ್ತು.

ನಾನು ಹೋಗಿ ಒಂದು ಮೇಜಿನ ಹಿಂದೆ ನಿಂತೆ. ಗಂಡ, ಹೆಂಡತಿ, ನಾಲ್ಕು ವರ್ಷದ ಒಂದು ಮಗು. ಮಗುವಿನ ಮುಂದೆ ಅರ್ಧ ಪೂರಿ. ವಾಚಕ ಮಹಾಶಯರೇ, ಆ ಅರ್ಧ ಪೂರಿಯನ್ನು ನಾನು ನೋಡಿದ ನೋಟಕ್ಕೆ ಯಾವ ಅಲಂಕಾರಶಾಸ್ತ್ರದಲ್ಲಿಯೂ ಹೆಸರಿಲ್ಲ. ಮಗು ಬೇಗ ತಿನ್ನಲೆಂದು ಬಯಸಿದೆ. ತಿನ್ನದೆ ಬಿಟ್ಟು ಏಳಲೆಂದೂ ಬಯಸಿದೆ. ಆತ ತಿರುಗಿ ನೋಡಿದ. ನಾನು ಗೋಡೆಯ ಕಡೆ ಕೈ ತೋರಿಸಿ, "ನಮ್ಮ ತಾಯಿ... ಇನ್ಸುಲಿನ್ ತೊಗೊಂಡುಬಿಟ್ಟಿದ್ದಾರೆ" ಎಂದಷ್ಟೇ ಹೇಳಿದೆ.

ಆತ ಮಾತಾಡಲಿಲ್ಲ. ಮಗುವನ್ನು ತಟ್ಟೆ ಸಮೇತ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಅವನ ಹೆಂಡತಿ ಎದ್ದು ಹೋಗಿ ಅಮ್ಮನ ಕೈಹಿಡಿದು ಕರೆತಂದಳು. ಮಾಣಿಗಾಗಿ ಕಾಯದೆ ತನ್ನ ತಟ್ಟೆಯಲ್ಲಿ ಮುಟ್ಟದೆ ಉಳಿದಿದ್ದ ಒಂದು ಇಡ್ಲಿಯನ್ನು ಅಮ್ಮನ ಮುಂದಿಟ್ಟಳು. "ಮಗೂದು ಇನ್ನೂ ಆಗಿಲ್ವಲ್ಲಮ್ಮ" ಎಂದಳು ಅಮ್ಮ, ನಡುಗುವ ಕೈಯಲ್ಲಿ ಇಡ್ಲಿ ಮುರಿಯುತ್ತ. "ಅವಳು ಹೀಗೇ, ಒಂದು ಗಂಟೆ ತಿಂತಾಳೆ. ನೀವು ತಿನ್ನಿ ಅಜ್ಜಿ."

ಉಳಿದವರು ಎಂಟೂಮುಕ್ಕಾಲಿಗೆ ಬಂದು ತಲುಪಿದರು. ಪಕ್ಕದ ದರ್ಶಿನಿಯಲ್ಲಿ ಮೂವರು, ಬೀದಿಯಲ್ಲಿ ಇಬ್ಬರು, ಅಮ್ಮನ ಮೇಜಿಗೆ ಒಬ್ಬೊಬ್ಬರಾಗಿ ಉಳಿದವರು. ಹೀಗೆ ಸಂಸಾರ ಒಡೆದು ಹುಟ್ಟುಹಬ್ಬದ ಊಟ ಮುಗಿಸಿತು. ಅಮ್ಮ ಆ ಮಗುವಿಗೆ ತನ್ನ ಕಾಯಿಲೆಯ ಪಾಲಿನ ಜಾಮೂನನ್ನೂ ತರಿಸಿಕೊಟ್ಟಳು.

9.10ಕ್ಕೆ ಫೋನು ಬಂತು: ಮೊದಲಿನ ಹೋಟೆಲಿನ ಹುಡುಗ. ಒಂಬತ್ತು ಮಂದಿಯ ಮೇಜು ಸಿದ್ಧವಾಗಿದೆಯಂತೆ. ಹಿಂದೆಯೇ ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಅಷ್ಟರಲ್ಲಿ ಅಮ್ಮ, "ಯಾರದೋ ಅದು?" ಎಂದಳು.

"ಜಾಗ ಖಾಲಿಯಾಗಿದೆಯಂತೆ."

"ಬೇಡ ಅಂತ ಬೇಗ ಹೇಳಿಬಿಡೋ. ಯಾರು ಎಷ್ಟು ಹೊತ್ತಿನಿಂದ ನಿಂತಿದ್ದಾರೋ."

ಬೇಡವೆಂದೆ. ನಾನು ಫೋನು ಇಡುವುದಕ್ಕೆ ಮೊದಲೇ ಆ ಹುಡುಗ ಯಾರದೋ ಹೆಸರನ್ನು ಗಟ್ಟಿಯಾಗಿ ಕೂಗಿದ್ದು ಕೇಳಿಸಿತು.