ಸಿಂಹದ ಮಗ್ಗುಲಲ್ಲಿ ಕುರಿ

'ಶಾಂತಿ' ಎಂಬ ಒಂದೇ ಪದ ಕೊಟ್ಟು ಪ್ರಾಣಿಯನ್ನೋ ಪಕ್ಷಿಯನ್ನೋ ಬಿಡಿಸಿ ಎಂದರೆ ಮಕ್ಕಳ ಪೆನ್ಸಿಲು ಪಾರಿವಾಳದ ಕಡೆಗೇ ಹೊರಳುತ್ತದೆ. 1949ರ ಪ್ಯಾರಿಸ್ ಶಾಂತಿ ಸಮ್ಮೇಳನದ ಭಿತ್ತಿಪತ್ರಕ್ಕೆ ಪಿಕಾಸೋನ ಪಾರಿವಾಳ ಬಂದ ಮೇಲಂತೂ ಆ ಪದಕ್ಕೂ ಆ ಹಕ್ಕಿಗೂ ನಿಕಾಹ್ ಆಗಿಹೋಗಿದೆ. ಆದರೆ 'ನ್ಯಾಯ' ಎಂದರೆ? ಉರ್ದು ಶಾಲೆಯಲ್ಲಿ ನಾವು ಕಲಿತ 'ಇನ್ಸಾಫ್' ಎಂದರೆ? ಅದಕ್ಕೆ ಯಾವ ಪ್ರಾಣಿ?

ಮೊಗಲ್ ಚಿತ್ರಕಾರರ ಬಳಿ ಇದಕ್ಕೆ ಸಿದ್ಧ ಉತ್ತರವಿತ್ತು. ಸಿಂಹವೂ ಕುರಿಯೂ ಒಂದೆಡೆ ಮಲಗಿದರೆ ಅಲ್ಲಿ ನ್ಯಾಯವಂತ ದೊರೆ ಇದ್ದಾನೆಂದೇ ಅರ್ಥ. ಜಹಾಂಗೀರನ ಆಸ್ಥಾನದ ಅಬುಲ್ ಹಸನ್ 1618ರ ಸುಮಾರಿಗೆ ಬರೆದ ಒಂದು ಚಿತ್ರ ಈಗ ವಾಷಿಂಗ್ಟನ್ನಿನ ಫ್ರೀಯರ್ ಸಂಗ್ರಹದಲ್ಲಿದೆ. ಅದರಲ್ಲಿ ಭೂಗೋಳದ ಮೇಲೆ ಜಹಾಂಗೀರನೂ ಇರಾನಿನ ಷಾ ಅಬ್ಬಾಸನೂ ಆಲಿಂಗಿಸಿ ನಿಂತಿದ್ದಾರೆ. ಜಹಾಂಗೀರನ ಕಾಲಡಿ ಸಿಂಹ, ಅಬ್ಬಾಸನ ಕಾಲಡಿ ಕುರಿ. ಸಿಂಹ ಮೈಚಾಚಿ ಮಲಗಿದ ಭರಕ್ಕೆ ಕುರಿ ಅಂಚಿಗೆ ಸರಿದಿದೆ. ನಿಜದಲ್ಲಿ ಆ ಇಬ್ಬರು ದೊರೆಗಳು ಒಮ್ಮೆಯೂ ಭೇಟಿಯಾದವರಲ್ಲ. 1622ರಲ್ಲಿ ಅಬ್ಬಾಸ್ ಕಂದಹಾರವನ್ನೇ ಕಿತ್ತುಕೊಂಡ. ಕಾಗದದ ಮೇಲಿನ ಕುರಿ ಮಾತ್ರ ಇಂದಿಗೂ ಸಾಧುವಾಗಿ ಮಲಗಿದೆ.

ಅದೇ ಆಸ್ಥಾನದ ಉಸ್ತಾದ್ ಮನ್ಸೂರನ ದಾರಿ ಬೇರೆ. 1621ರಲ್ಲಿ ಆಸ್ಥಾನಕ್ಕೆ ಜೀಬ್ರಾ ಬಂದಾಗ, ಪಟ್ಟೆಗಳನ್ನು ಯಾರೋ ಬಣ್ಣ ಬಳಿದು ಮೂಡಿಸಿರಬೇಕೆಂದು ಕೆಲವರು ಸಂಶಯಪಟ್ಟರಂತೆ. ಮನ್ಸೂರ್ ಅದನ್ನು ಯಾವ ಪದಕ್ಕೂ ಕಟ್ಟಿಹಾಕದೆ, ಇದ್ದದ್ದನ್ನು ಇದ್ದಂತೆ ಬರೆದ. ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿಯುತ್ತಿದ್ದ ಆ ಕಾಲದ ಚಿತ್ರಕಾರನಿಗೆ ಒಂದೊಂದು ರೋಮವೂ ಮುಖ್ಯ. ಪ್ರಾಣಿಯನ್ನು ಮೊದಲು ನೋಡಬೇಕು, ಅರ್ಥ ಆಮೇಲೆ.

ಜೀವಿಗಳ ಚಿತ್ರ ಬರೆಯಬಹುದೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಬೇಡವೆನ್ನುವ ಹಿರಿಯರ ಭಯಭಕ್ತಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಜ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ಬಟ್ಟೆಚೂರಿನ ರೆಕ್ಕೆಯುಳ್ಳ ಕುದುರೆಯನ್ನು ಕಂಡು ಪ್ರವಾದಿ(ಸ)ಯವರು ನಕ್ಕ ವರದಿ ಅಬೂದಾವೂದ್ ಸಂಗ್ರಹದಲ್ಲಿದೆ. ಆ ನಗುವಿನ ನೆರಳಲ್ಲಿ ನಮ್ಮ ಮಕ್ಕಳಿಗೂ ಒಂದಿಷ್ಟು ಜಾಗ ಸಿಗಲೆಂದು ನಮ್ಮ ಆಸೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮೊಹಲ್ಲಾದ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು 'ನ್ಯಾಯ' ಎಂಬ ಪದ ಕೊಟ್ಟೆವು. ಇಬ್ಬರು ಸಿಂಹ ಬಿಡಿಸಿದರು, ಒಬ್ಬಳು ತಕ್ಕಡಿ ಹಿಡಿದ ಗೂಬೆ. ಆಡು ಸಾಕುವ ಮನೆಯ ಹುಡುಗಿಯೊಬ್ಬಳು ಬಿಡಿಸಿದ್ದು ಒಂದು ತಾಯಿ ಆಡು, ಮೂರು ಮರಿ. ಎರಡು ಮರಿ ಹಾಲು ಕುಡಿಯುತ್ತಿವೆ. ಮೂರನೆಯದರ ಬಾಯಿಗೆ ಯಾರದೋ ಕೈ ಹಾಲಿನ ಸೀಸೆ ಹಿಡಿದಿದೆ.

"ಇದು ಹೇಗಮ್ಮಾ ನ್ಯಾಯ?" ಎಂದೆವು.

"ಆಡಿಗೆ ಇರೋದೇ ಎರಡು ಮೊಲೆ, ಚಾಚಾ. ಮೂರನೇದು ಏನು ಮಾಡ್ಬೇಕು?"

ಶಾಹೀ ಚಿತ್ರದಲ್ಲಿ ನ್ಯಾಯವೆಂದರೆ ಬಲಿಷ್ಠನು ತಿನ್ನದೆ ಬಿಡುವುದು. ಬಿಟ್ಟದ್ದಕ್ಕೆ ಕುರಿ ಋಣಿಯಾಗಿರಬೇಕು, ಒಂಚೂರು ಸರಿದೂ ಮಲಗಬೇಕು. ಇಂದಿಗೂ ಎಷ್ಟೋ ಊರುಗಳಲ್ಲಿ 'ನೆಮ್ಮದಿಯಾಗಿದ್ದೀರಲ್ಲ, ಇನ್ನೇನು ಬೇಕು' ಎನ್ನುವವರ ನ್ಯಾಯ ಇದೇ ಜಾತಿಯದು. ಹುಡುಗಿಯ ಚಿತ್ರದಲ್ಲಿ ದೊರೆಯಿಲ್ಲ, ಸಿಂಹವಿಲ್ಲ. ಸರದಿ ಸಿಗದ ಮರಿಯನ್ನು ಎಣಿಕೆಗೆ ಹಿಡಿದ ಒಂದು ಕೈ ಇದೆ, ಅಷ್ಟೆ. ಆ ಕೈ ಯಾರದೆಂದು ಅವಳು ಹೇಳಲಿಲ್ಲ. ಅದು ಯಾರದೂ ಆಗಬಹುದು.